ಕೆಂಡಗಣ್ಣ ಬ್ರೇಕು ತುಳಿದ ಕತೆ

ಹೂಂ ಅನ್ನೋರು ಹತ್ತಿರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಇವತ್ತು ಕಣ್ಣಾರೆ ಕಂಡದ್ದು ಹೇಳ್ತೀನಿ. ಕಾಣದ್ದನ್ನೂ ಹೇಳಬಲ್ಲೆ, ಅದು ಇನ್ನೂ ಚೆನ್ನಾಗಿರುತ್ತೆ, ಆದ್ರೆ ಇವತ್ತು ಬೇಡ.

ಗುಡ್ಡದ ಮೇಲೆ ನಮ್ಮೂರು, ಮಣ್ಣಗುಡ್ಡ. ಗುಡ್ಡದ ಕೆಳಗೆ ಹೊಂಗೆಪಾಳ್ಯ. ನಡುವೆ ಹಾವು ಮೈಮುರಿದಂಗೆ ಒಂದು ಇಳಿಜಾರು ರಸ್ತೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೊರಕಲು. ನಮ್ಮೂರಲ್ಲಿ ಕುಂಬಾರರ ದೊಡ್ಡತಾಯಮ್ಮ ಅಂತ ಇದ್ದಳು. ಗಂಡ ಹೋದ ಮೇಲೆ ಮಡಕೆ ಮಾಡೋ ತಿಗರೀನೂ ಅವಳೇ ತಿರುಗಿಸಿದಳು, ಗಂಡ ಬಿಟ್ಟುಹೋದ ಟೆಂಪೋ ಸ್ಟೇರಿಂಗೂ ಅವಳೇ ತಿರುಗಿಸಿದಳು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಇಳಿಜಾರು ಇಳಿಯೋಳು ಅಂದ್ರೆ ಹದ್ದುಗಳೇ ದಾರಿ ಬಿಡ್ತಿದ್ದವು.

ಅವಳಿಗೊಬ್ಬನೇ ಮಗ. ಕೆಂಡಗಣ್ಣ. ಹೆಸರಲ್ಲಿ ಕೆಂಡ, ತಲೇಲಿ ಬೂದಿ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಆದ್ರೆ ಹೇಳಿದ ಮಾತು ಮೀರೋನಲ್ಲ. ಹೇಳಿದ್ದನ್ನ ಮಾಡ್ತಿದ್ದ. ಹೇಳಿದ್ದನ್ನೇ ಮಾಡ್ತಿದ್ದ. ಹೇಳಿದಷ್ಟೇ ಮಾಡ್ತಿದ್ದ. ಒಂದು ಸಲ ಅವ್ವ, "ಹಸಿ ಮಡಕೆ ಬಿಸಿಲಲ್ಲಿಡೋ, ನೆರಳು ಬಂದಂಗೆ ಮುಂದಕ್ಕೆ ಜರುಗಿಸ್ತಾ ಹೋಗು" ಅಂದು ಸಂತೆಗೆ ಹೋದಳು. ಸಂಜೆ ಬಂದು ನೋಡಿದ್ರೆ ಮಗನೂ ಇಲ್ಲ, ಮಡಕೆಯೂ ಇಲ್ಲ. ಹುಡುಕಿ ಹುಡುಕಿ ಹೋದ್ರೆ ಪಕ್ಕದೂರಿನ ಎಲ್ಲೆ ಕಲ್ಲಿನ ಹತ್ತಿರ ಸಿಕ್ಕಿದ. ಮಡಕೆ ಸಾಲಾಗಿ ಇಟ್ಕೊಂಡು, "ಅವ್ವಾ, ಬಿಸಿಲು ಇನ್ನೂ ಮುಂದಕ್ಕೆ ಹೋಗ್ತಾನೇ ಅದೆ, ನಾನೇನು ಮಾಡ್ಲಿ?" ಅಂದ.

"ನಿನ್ನ ಹೆತ್ತ ಹೊಟ್ಟೇಲಿ ಒಂದು ಹರವಿ ಹುಟ್ಟಿದ್ರೆ ನೀರಾದ್ರೂ ತುಂಬಿಸಬಹುದಿತ್ತಲ್ಲೋ!" ಅಂತ ಅವಳು ಹಣೆ ಹಣೆ ಬಡಕೊಂಡಳು.

ಹಿಂಗಿರುವಾಗ ಹೊಂಗೆಪಾಳ್ಯದ ಯಜಮಾನ ಜವರಪ್ಪನ ಮಗಳ ಮದುವೆ ಗೊತ್ತಾಯ್ತು. ಮದುವೆ ಅಂದ್ರೆ ಐರಣೆ ಮಡಕೆ ಬೇಕೇ ಬೇಕು. ಸುಣ್ಣ ಕೆಮ್ಮಣ್ಣು ಬಳಿದ ಆ ಮಡಕೆ ಚಪ್ಪರದೊಳಕ್ಕೆ ಬಾರದೆ ಧಾರೆ ಇಲ್ಲ. ಆ ಮಡಕೆ ಕೊಡೋ ಹಕ್ಕು ತಲೆತಲಾಂತರದಿಂದ ದೊಡ್ಡತಾಯಮ್ಮನ ಮನೇದು. ಅದಕ್ಕೊಂದು ಕಟ್ಟು ಅದೆ: ಕುಂಬಾರನ ಮನೆ ಬಿಟ್ಟ ಮಡಕೆ ಚಪ್ಪರ ಸೇರೋವರೆಗೂ ನೆಲ ಮುಟ್ಟಬಾರದು. ಮುಟ್ಟಿದ್ರೆ ಆ ಮಡಕೆ ಮದುವೆಗಾಗಲ್ಲ. ಮಡಕೆ ತಪ್ಪಿದ್ರೆ ಹಕ್ಕೂ ತಪ್ಪಿತು. ಸಂತೆಪೇಟೆ ಕುಂಬಾರನೊಬ್ಬ ಆ ಹಕ್ಕಿನ ಮೇಲೆ ಕಣ್ಣಿಟ್ಟು, ಬೆಕ್ಕು ಬಿಲದ ಮುಂದೆ ಕೂತಂಗೆ ಕೂತಿದ್ದ.

ಮದುವೆಗೆ ಎರಡು ದಿನ ಇದೆ ಅನ್ನುವಾಗ ದೊಡ್ಡತಾಯಮ್ಮ ಇಳಿಜಾರಲ್ಲಿ ಬ್ರೇಕು ತುಳಿದ್ರೆ, ಪೆಡಲು ಬಿಸಿ ಮುದ್ದೆಗೆ ಬೆರಳಿಟ್ಟಂಗೆ ಪುಸಕ್ ಅಂತ ಒಳಗೆ ಹೋಯ್ತು! ಮೂರು ಸಲ ತುಳಿದು, ಗೇರು ಇಳಿಸಿ, ಬಂಡೆಗೆ ಉಜ್ಜಿ ನಿಲ್ಲಿಸಿದಳು. ಕೈಬ್ರೇಕು? ಆ ಟೆಂಪೋಗೆ ಕೈಬ್ರೇಕು ಇತ್ತು ಅಂತ ಕೇಳಿದ್ದೆವು, ನೋಡಿದೋರು ಯಾರೂ ಬದುಕಿರಲಿಲ್ಲ.

ನಾಲ್ಕು ದಾರಿ ಕೂಡೋ ಕಡೆ ಗ್ಯಾರೇಜು ಇಟ್ಟಿದ್ದ ದಸ್ತಗೀರ್ ಮೇಸ್ತ್ರಿ ಬಂದು ಬ್ರೇಕ್ ಎಣ್ಣೆ ಡಬ್ಬಿ ಇಣುಕಿ ನೋಡಿದ. ಎಣ್ಣೆ ಕಷಾಯದಂಗೆ ಕಪ್ಪಗಿತ್ತು.

"ಅಕ್ಕಾ, ಇದನ್ನ ಯಾವಾಗ ಬದಲಾಯಿಸಿದ್ದು?"

"ಬದಲಾಯಿಸೋದಾ? ಎಣ್ಣೆ ಖರ್ಚಾದ್ರೆ ತಾನೇ ಹಾಕೋದು?"

"ಅಲ್ಲೇ ತಪ್ಪಿರೋದು! ಖರ್ಚಾಗದಿದ್ರೂ ಕೆಡುತ್ತೆ ಅಕ್ಕಾ. ಈ ಎಣ್ಣೆ ಬಲು ಕುಡುಕ. ಗಾಳೀಲಿರೋ ತೇವ ಎಲ್ಲಾ ಕುಡಿಯುತ್ತೆ. ಇಳಿಜಾರಲ್ಲಿ ಬ್ರೇಕು ಕಾದಾಗ ಆ ನೀರು ಕುದ್ದು ಗುಳ್ಳೆ ಏಳುತ್ತೆ. ಗುಳ್ಳೆ ಮೇಲೆ ಆನೆ ನಿಂತು ತುಳಿದ್ರೂ ಗಾಡಿ ನಿಲ್ಲಲ್ಲ. ಎರಡು ವರ್ಷಕ್ಕೊಂದು ಸಲ ಹಳೇದು ಪೂರಾ ತೆಗೆದು ಹೊಸದು ತುಂಬಬೇಕು. ಎಣ್ಣೆ ತರಿಸಿಡು, ಬಂದು ಹಾಕಿಕೊಡ್ತೀನಿ."

ದೊಡ್ಡತಾಯಮ್ಮ ಮಗನ್ನ ಕರೆದಳು. "ಮಗಾ, ಪೇಟೆಗೆ ಹೋಗಿ ಒಂದು ಡಬ್ಬಿ ಬ್ರೇಕ್ ಎಣ್ಣೆ ತಾ. ಅಂಗಡಿಯೋನು ಏನು ಕೊಟ್ರೂ ಈಸ್ಕೊಂಡು ಬರಬೇಡ. ನೀನು ಕುಂಬಾರನ ಮಗ! ತಟ್ಟಿ ನೋಡು. ಠಣ್ ಅಂದ್ರೆ ತಗೋ, ದಬ್ ಅಂದ್ರೆ ಬಿಡು!"

ಕೆಂಡಗಣ್ಣ ಹೋದ. ಒಂದು ಡಬ್ಬಿ ತಟ್ಟಿದ. ದಬ್! "ಇದು ಬೇಡ." ಇನ್ನೊಂದು ತಟ್ಟಿದ. ದಬ್! "ಇದೂ ಬೇಡ." ಅಂಗಡೀಲಿದ್ದ ಡಬ್ಬಿ ಎಲ್ಲಾ ತಟ್ಟಿದ. ದಬ್, ದಬ್, ದಬ್! ಕೊನೆಗೆ ಮೂಲೇಲಿ ಕಸದ ಜೊತೆ ಬಿದ್ದಿದ್ದ ಒಂದು ಡಬ್ಬಿ ತಟ್ಟಿದ. ಠಣ್! ದೇವಸ್ಥಾನದ ಗಂಟೆ ಹೊಡೆದಂಗೆ ಠಣ್!

"ಇದೇ! ಇದೇ! ಇದನ್ನ ಕೊಡಿ!"

"ಅಯ್ಯಾ, ಅದು ಖಾಲಿ ಡಬ್ಬಿ."

"ನನಗೇ ಮೋಸ ಮಾಡ್ತೀರಾ? ನಾನು ಕುಂಬಾರನ ಮಗ!" ಅಂತ ಅದನ್ನೇ ತಬ್ಬಿಕೊಂಡು ಬಂದ.

ಅವ್ವ ಡಬ್ಬಿ ಬೋರಲು ಹಾಕಿದಳು. ಒಂದು ಜಿರಳೆ ಬಿತ್ತು.

"ಅಯ್ಯೋ ಪೆದ್ದೇ! ಒಳಗೆ ಏನಾದ್ರೂ ಇರೋದನ್ನ ತಟ್ಟಿ ನೋಡ್ತಾರೇನೋ? ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡ್ಬೇಕು! ಗುಳುಗುಳು ಅಂದ್ರೆ ತಗೋಬೇಕು!"

"ಹಂಗೇ ಆಗ್ಲವ್ವ!"

"ಹೋಗು, ಎಣ್ಣೆ ತಾ. ನಾಳೆ ಮೇಸ್ತ್ರಿ ಊಟಕ್ಕೆ ನಿಲ್ತಾನೆ, ಮೊಟ್ಟೆ ಸಾರು ಮಾಡ್ತೀನಿ, ಮೊಟ್ಟೇನೂ ತಾ."

ಕೆಂಡಗಣ್ಣ ಮತ್ತೆ ಹೋದ. ಎಣ್ಣೆ ಡಬ್ಬಿ ಅಲ್ಲಾಡಿಸಿದ. ಗುಳುಗುಳು! ತಗೊಂಡ. ಭಲೇ! ಆಮೇಲೆ ಮೊಟ್ಟೆ ಅಂಗಡಿಗೆ ಹೋದ. ಒಂದು ಮೊಟ್ಟೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ. ಸದ್ದಿಲ್ಲ. "ಇದು ಬೇಡ." ಇನ್ನೊಂದು. ಸದ್ದಿಲ್ಲ. "ಇದೂ ಬೇಡ." ಮೊಟ್ಟೆ ಅಂಗಡಿ ಮಾದಮ್ಮ ದೊಡ್ಡ ಕಣ್ಣು ಬಿಟ್ಕೊಂಡು ನೋಡ್ತಾ ಇದ್ದಳು. ಗುಡ್ಡೆ ಹಾಕಿದ್ದ ಮೊಟ್ಟೆಯೆಲ್ಲಾ ಅಲ್ಲಾಡಿಸಿ, ಗುಳುಗುಳು ಅಂದದ್ದನ್ನ ಮಾತ್ರ ಆರಿಸಿ ತಂದ.

ಗುಳುಗುಳು ಅನ್ನೋ ಮೊಟ್ಟೆ ಎಂಥದ್ದು? ಹೇಳಿ ನೋಡೋಣ! ಹೂಂ, ಅದೇ! ಅವ್ವ ಅನುಮಾನ ಬಂದು ಒಂದು ಮೊಟ್ಟೆ ಒಡೆದು ನೋಡಿದಳು. ಆ ನಾತಕ್ಕೆ ಹಟ್ಟೀಲಿದ್ದ ಎಮ್ಮೆ ಹಗ್ಗ ಕಿತ್ಕೊಂಡು ಓಡ್ತು. ನಾನು ಎರಡು ಬೀದಿ ಆಚೆ ಇದ್ದೆ, ನನ್ನ ಮೂಗಿನ ಕೂದಲು ನೆರೆತದ್ದು ಅವತ್ತೇ.

"ಅಯ್ಯೋ ಮುಠ್ಠಾಳ! ಅಲ್ಲಾಡಿಸಿದ್ರೆ ಸಾಕೇನೋ? ಮೂಗು ಕೊಟ್ಟದ್ದು ಯಾಕೆ ದೇವರು? ತಂದದ್ದನ್ನ ಮೂಸಿ ನೋಡ್ಬೇಕು! ಚೆನ್ನಾಗಿ ಮೂಸಿ ನೋಡ್ಬೇಕು!"

"ಹಂಗೇ ಆಗ್ಲವ್ವ!"

ಅವಳು ಅಡುಗೆಮನೆ ತೊಳೆಯೋಕೆ ಹೋದಳು. ಕೆಂಡಗಣ್ಣ ಎಣ್ಣೆ ಡಬ್ಬಿ ನೋಡಿದ. ತಂದದ್ದನ್ನ ಮೂಸಿ ನೋಡ್ಬೇಕು ಅಂದಳಲ್ಲ! ಸೀಲು ಕಿತ್ತ, ಮುಚ್ಚಳ ತೆಗೆದ, ಮೂಗು ತೂರಿಸಿದ. ಒಳ್ಳೇದೋ ಕೆಟ್ಟದ್ದೋ ಗೊತ್ತಾಗಲಿಲ್ಲ. ಬ್ರೇಕ್ ಎಣ್ಣೆ ವಾಸನೆ ಹೆಂಗಿರ್ಬೇಕು ಅಂತ ಅವ್ವ ಹೇಳಿರಲಿಲ್ಲವಲ್ಲ! ಬೆಳಗ್ಗೆ ಎದ್ದು ಇನ್ನೊಂದು ಸಲ ಮೂಸೋಣ ಅಂತ, ಬಾಯಿ ತೆರೆದ ಡಬ್ಬೀನ ನೀರಿನ ಹರವಿ ಪಕ್ಕ ತಂಪಾಗಿ ಇಟ್ಟು ಮಲಗಿದ.

ಮರುದಿನ ಮೇಸ್ತ್ರಿ ಬರಲಿಲ್ಲ. ಯಾವುದೋ ಗಾಡಿ ಕೆಟ್ಟಿತ್ತು, ಅಲ್ಲೇ ಸಿಕ್ಕಿಕೊಂಡ. ಬಂದದ್ದು ಮದುವೆ ದಿನ ಬೆಳಗ್ಗೇನೇ. ಅಷ್ಟೊತ್ತಿಗೆ ಡಬ್ಬಿ ಒಂದು ಹಗಲು ಎರಡು ರಾತ್ರಿ ಬಾಯಿ ಕಳಕೊಂಡು ಹರವಿ ಪಕ್ಕ ಕೂತಿತ್ತು. ಮೇಸ್ತ್ರಿ ನೋಡಿ ತಲೆ ಮೇಲೆ ಕೈ ಹೊತ್ತ.

"ಯಾರೋ ಇದನ್ನ ತೆಗೆದದ್ದು? ತೇವ ಕುಡಿಯುತ್ತೆ ಅಂತ ಬಡಕೊಂಡೆ, ನೀರಿನ ಪಕ್ಕಾನೇ ಇಟ್ಟಿದೀಯಲ್ಲ! ಕುಡುಕನ್ನ ಹೆಂಡದಂಗಡಿಗೆ ಕಾವಲು ಹಾಕ್ದಂಗಾಯ್ತು!"

"ಮೂಸಿ ನೋಡಿದೆ ಮೇಸ್ತ್ರಿ!"

"ಮೂಸಬಾರದು! ಗಾಳಿ ಆಡಬಾರದು ಕಣೋ! ಬ್ರೇಕ್ ಕೆಲಸ ಅಂದ್ರೆ ಒಂದು ತೊಟ್ಟು ಗಾಳಿ ಒಳಕ್ಕೆ ಹೋಗಬಾರದು! ತಿಳೀತಾ?"

"ತಿಳೀತು ಮೇಸ್ತ್ರಿ!"

ಪುಣ್ಯಕ್ಕೆ ಮೇಸ್ತ್ರಿ ಚೀಲದಲ್ಲಿ ಸೀಲು ಒಡೆಯದ ಇನ್ನೊಂದು ಡಬ್ಬಿ ಇತ್ತು. ಊರೋರೆಲ್ಲಾ ಸೇರಿ ಎಳೆತಂದಿದ್ದ ಟೆಂಪೋ ಮನೆ ಮುಂದೆ ಇಳಿಜಾರಿಗೆ ಮುಖ ಮಾಡಿ ನಿಂತಿತ್ತು, ಮುಂದಿನ ಚಕ್ರಕ್ಕೆ ಒಂದು ಗುಂಡುಕಲ್ಲು ಕೊಟ್ಟಿದ್ರು. ಮೇಸ್ತ್ರಿ ಬೀಡಿ ಹಚ್ಚಿ ಗಾಡಿ ಕೆಳಗೆ ನುಸುಳಿದ.

ಕೆಂಡಗಣ್ಣ ಯೋಚನೆ ಮಾಡಿದ. ಬ್ರೇಕ್ ಕೆಲಸ ನಡೀತಾ ಅದೆ. ಗಾಳಿ ಆಡಬಾರದು! ಟಾರ್ಪಾಲು ತಂದು ಟೆಂಪೋ ಸುತ್ತ ಇಳಿಬಿಟ್ಟ. ಕೆಳಗೆ ಸಂದಿ ಕಾಣಿಸ್ತು. ಕುಂಬಾರನ ಮನೇಲಿ ಮಣ್ಣಿಗೆ ಬರವೇ? ಹದ ಮಾಡಿದ ಜೇಡಿಮಣ್ಣು ಬಾಚಿ ಬಾಚಿ ತಂದು ಸುತ್ತ ಮೆತ್ತಿದ. ಮಡಕೆ ಸುಡೋ ಆವಿಗೆ ಕಟ್ಟಿದಂಗೆ ಕಟ್ಟಿದ. ಒಳಗಿಂದ ಕೆಮ್ಮು ಕೇಳಿಸ್ತು. "ಗಾಳಿ ಆಡ್ತಾ ಅದಾ ಮೇಸ್ತ್ರಿ?" ಅಂದ. ಒಳಗಿಂದ, "ಅಯ್ಯೋ! ಸತ್ತೆ!" ಅಂತು. "ಆಡ್ತಾ ಅದೆ" ಅಂತ ಇನ್ನೊಂದು ಹೆಡಿಗೆ ಮಣ್ಣು ಮೆತ್ತಿದ.

ದೊಡ್ಡತಾಯಮ್ಮ ಓಡಿಬಂದು ಗೋಡೆ ಒದ್ದಳು. ಹೊಗೆ ಜೊತೆ ಮೇಸ್ತ್ರಿ ಹೊರಗೆ ಬಂದ. ಮೈಯೆಲ್ಲಾ ಮಣ್ಣು, ಕಣ್ಣು ಮಾತ್ರ ಪಿಳಿಪಿಳಿ. ಇನ್ನೊಂದು ಚೂರು ಬಿಟ್ಟಿದ್ರೆ ಬೆಂದ ಮೇಸ್ತ್ರಿ ಆಗಿರ್ತಿದ್ದ, ತಟ್ಟಿದ್ರೆ ಠಣ್ ಅಂತಿದ್ದ.

"ಅಕ್ಕಾ! ಇವನ್ನ ದೂರ ಕಳಿಸು, ಇಲ್ಲಾ ನನ್ನನ್ನ ಕಳಿಸು!"

"ಅಣ್ಣಯ್ಯಾ, ಕಾಲಿಗೆ ಬೀಳ್ತೀನಿ. ಹೊತ್ತು ನೆತ್ತಿಗೆ ಬರೋದ್ರೊಳಗೆ ಮಡಕೆ ಚಪ್ಪರ ಸೇರ್ಬೇಕು. ಪೆಡಲು ತುಳಿಯೋಕೆ ಒಬ್ಬರು ಬೇಡವಾ? ಸುಣ್ಣ ಬಳಿಯೋದು ಇನ್ನೂ ಬಾಕಿ, ನಾನು ಬರೋ ಹಂಗಿಲ್ಲ."

ಮೇಸ್ತ್ರಿ ಕೆಂಡಗಣ್ಣನ ಎರಡೂ ಕಿವಿ ಹಿಡಿದ. ಮುಖಕ್ಕೆ ಮುಖ ಇಟ್ಟ.

"ಕೇಳು! ಇವತ್ತು ನೀನು ಯಾರ ಮಾತೂ ಕೇಳ್ಬೇಡ. ನಿನ್ನ ತಲೆ ಮಾತು ಮೊದಲೇ ಕೇಳ್ಬೇಡ. ಏನೇ ಹಿಡಿದಿರು, ಈ ದಸ್ತಗೀರ್ ತನ್ನ ಬಾಯಿಂದ ಬಿಡು ಅನ್ನೋವರೆಗೂ ಬಿಡ್ಬೇಡ! ಆಕಾಶ ಕಳಚಿ ಬಿದ್ರೂ ಬಿಡ್ಬೇಡ! ನಿಮ್ಮವ್ವ ಬಂದ್ರೂ ಬಿಡ್ಬೇಡ!"

"ಹಂಗೇ ಆಗ್ಲಿ ಮೇಸ್ತ್ರಿ!"

ಕೆಂಡಗಣ್ಣ ಡ್ರೈವರ್ ಸೀಟಲ್ಲಿ ಕೂತ. ಮೇಸ್ತ್ರಿ ಕೆಳಗೆ ಹೋದ. ಚಕ್ರದ ಹಿಂದಿನ ತಿರುಪಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಇನ್ನೊಂದು ತುದೀನ ಬಾಟಲಿಗೆ ಬಿಟ್ಟ.

"ತುಳಿ!" "ತುಳಿದೆ!"

"ಹಿಡಿ!" "ಹಿಡಿದೆ!"

ತಿರುಪು ಸಡಿಲಿಸಿದ. ಕಪ್ಪು ಎಣ್ಣೆ ಬುಳಬುಳ ಅಂತ ಬಂತು. ತಿರುಪು ಬಿಗಿದ.

"ಬಿಡು!" "ಬಿಟ್ಟೆ!"

ತುಳಿ, ತುಳಿದೆ! ಹಿಡಿ, ಹಿಡಿದೆ! ಬಿಡು, ಬಿಟ್ಟೆ! ಏನು ತಾಳ, ಏನು ಲಯ! ಊರೇ ಬಂದು ನೋಡ್ತಾ ನಿಂತ್ಕೊಂಡ್ತು. ಮೇಲಿನ ಡಬ್ಬಿ ತಳ ಕಾಣೋ ಮೊದಲೇ ಹೊಸ ಎಣ್ಣೆ ಸುರಿಯೋದು, ಮತ್ತೆ ತುಳಿ, ಹಿಡಿ, ಬಿಡು. ಕಪ್ಪು ಹೋಗಿ ಕಂದು ಬಂತು, ಕಂದು ಹೋಗಿ ಜೇನುತುಪ್ಪದಂಗೆ ತಿಳಿಯಾಯ್ತು. ಗುಳ್ಳೆ ನಿಂತವು. ಒಂದು ಚಕ್ರ ಆಯ್ತು, ಇನ್ನೊಂದು ಆಯ್ತು. ಮೇಸ್ತ್ರಿ ಗಾಡಿ ಕೆಳಗಿಂದಲೇ, "ಅಕ್ಕಾ, ಇಂಥ ಆಳು ನನಗೆ ಹುಟ್ಟಿದಾಗಿಂದ ಸಿಕ್ಕಿಲ್ಲ!" ಅಂದ. ದೊಡ್ಡತಾಯಮ್ಮ ಸುಣ್ಣದ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಕೊನೇ ಚಕ್ರ. "ತುಳಿ!" "ತುಳಿದೆ!" "ಹಿಡಿ!" "ಹಿಡಿದೆ!" ಮೇಸ್ತ್ರಿ ತಿರುಪು ಬಿಗಿದ. ಅಷ್ಟರಲ್ಲಿ ಅವನ ಫೋನು ಹೊಡಕೊಂಡ್ತು. ಗುಡ್ಡದ ಕೆಳಗೆ ಈರುಳ್ಳಿ ಲಾರಿಯೊಂದು ಬ್ರೇಕ್ ಪೈಪ್ ಒಡೆದು ರಸ್ತೆಗೆ ಅಡ್ಡ ನಿಂತಿದೆಯಂತೆ. "ಬಂದೆ ಬಂದೆ!" ಅಂತ ಚೀಲ ಹೆಗಲಿಗೇರಿಸಿ, "ಅಕ್ಕಾ, ಕೆಲಸ ಮುಗೀತು! ಊಟ ಆಮೇಲೆ!" ಅಂತ ಕೂಗಿ, ಮೊಪೆಡ್ ಹತ್ತಿ ಇಳಿದೇಬಿಟ್ಟ.

ಬಿಡು ಅನ್ನಲಿಲ್ಲ!

ಮುತ್ತೈದೆಯರು ಸೋಬಾನೆ ಹೇಳ್ತಾ ಐರಣೆ ಮಡಕೆ ಹೊತ್ತು ತಂದು ಟೆಂಪೋಲಿ ಹುಲ್ಲಿನ ಮೇಲೆ ಕೂರಿಸಿದ್ರು. ಇನ್ನು ಕೆಳಗಿಳಿಸೋ ಹಂಗಿಲ್ಲ. ದೊಡ್ಡತಾಯಮ್ಮ ಸೀರೆ ಬದಲಾಯಿಸಿ ಬಂದಳು.

"ಇಳಿ ಮಗಾ, ನಾನು ಕೂರ್ತೀನಿ."

"ಮೇಸ್ತ್ರಿ ಬಿಡು ಅಂದಿಲ್ಲ."

"ಕೆಲಸ ಮುಗೀತು ಕಣೋ! ನಾನು ಹೇಳ್ತೀನಿ, ಬಿಡು!"

"ನಿಮ್ಮವ್ವ ಬಂದ್ರೂ ಬಿಡ್ಬೇಡ ಅಂದಿದಾರೆ. ನೀನೇ ಅಲ್ಲವಾ ನಮ್ಮವ್ವ?"

ಊರೆಲ್ಲಾ ಸೇರಿತು. "ಬಿಡೋ ಕೆಂಡಗಣ್ಣ!" "ಹೊತ್ತಾಯ್ತು ಬಿಡೋ!" "ಬಿಡೋ ಬಡ್ಡಿಮಗನೆ!" ಅವನು ಕೇಳಲಿಲ್ಲ. ಕೊನೆಗೆ ನಾನೇ ಹೋದೆ. ನನ್ನ ಕೈ ನಿಮಗೆ ಗೊತ್ತಲ್ಲ, ಓಡೋ ಹೋರೀನ ಬಾಲ ಹಿಡಿದು ನಿಲ್ಲಿಸಿದ ಕೈ. ಅವನ ಕಾಲು ಹಿಡಿದು ಎಳೆದೆ. ಊಹೂಂ! ನನ್ನ ಕೈಲೇ ಆಗಲಿಲ್ಲ ಅಂದ ಮೇಲೆ ಅದು ಕಾಲಲ್ಲ, ಕಲ್ಲುಗಂಬ!

ಈ ಗಲಾಟೇಲಿ ಊರಿಗೆ ಹಿರೀಕಳು ಚೌಡಜ್ಜಿ, ಗಾಡಿಗೆ ಕಾಯಿ ಒಡೀಬೇಕು ಅಂತ ಕಲ್ಲು ಹುಡುಕ್ತಾ ಬಂದಳು. ಚಕ್ರದ ಹತ್ತಿರ ಗುಂಡಗೆ ಒಳ್ಳೇ ಕಲ್ಲು! ಗಾಡಿ ಭಾರವೆಲ್ಲಾ ಕೆಂಡಗಣ್ಣನ ಕಾಲಿನ ಮೇಲಿತ್ತಲ್ಲ, ಕಲ್ಲು ಸಲೀಸಾಗಿ ಉರುಳಿ ಬಂತು. ಟಣ್ ಅಂತ ಕಾಯಿ ಒಡೆದಳು. ಒಂದು ಹೋಳು ಕೈ ಜಾರಿ, ಚಕ್ರದ ಮುಂದೆ ಹಾದು, ಇಳಿಜಾರಲ್ಲಿ ಉರುಳಿ ಉರುಳಿ, ತಿರುವಿನಲ್ಲಿ ಕೊರಕಲಿಗೆ ಹಾರ್ತು.

ದೊಡ್ಡತಾಯಮ್ಮ ಆ ಹೋಳು ನೋಡಿದಳು. ಚಕ್ರ ನೋಡಿದಳು. ಕಲ್ಲಿಲ್ಲ! ಚಕ್ರದ ಮುಂದೆ ಬರೀ ಇಳಿಜಾರು, ಹಿಂದೆ ಹಕ್ಕಿನ ಮಡಕೆ, ಒಳಗೆ ಹೆತ್ತ ಮಗ.

"ಬಿಡ್ಬೇಡ ಮಗಾ!" ಅಂತ ಚೀರಿದಳು. "ನನ್ನಪ್ಪಾ, ಬಿಡ್ಬೇಡ!"

ಅಷ್ಟೊತ್ತೂ ಬಿಡೋ ಬಿಡೋ ಅಂತಿದ್ದ ಊರು ಒಂದೇ ಬಾಯಲ್ಲಿ, "ಬಿಡ್ಬೇಡ ಕೆಂಡಗಣ್ಣ! ಬಿಡ್ಬೇಡ!" ಅಂತು.

ಕೆಂಡಗಣ್ಣ ನಮ್ಮನ್ನೆಲ್ಲಾ ಒಂದು ಸಲ ನೋಡಿದ. "ಅದನ್ನೇ ನಾನೂ ಆಗಿಂದ ಹೇಳ್ತಾ ಇರೋದು" ಅಂದ.

ಕಲ್ಲು ತಂದು ಚಕ್ರಕ್ಕೆ ಕೊಟ್ಟೆವು. ಮೇಸ್ತ್ರಿಗೆ ಫೋನು ನಾನೇ ಹಚ್ಚಿದೆ. ಮೇಸ್ತ್ರಿ ಕೇಳಿ ಬೆಚ್ಚಿಬಿದ್ದ. ಫೋನು ಕೆಂಡಗಣ್ಣನ ಕಿವಿಗೆ ಹಿಡಿದೆ.

"ಬಿಡು!"

"ಬಿಟ್ಟೆ ಮೇಸ್ತ್ರಿ!"

ಇನ್ನು ಟೆಂಪೋ ಇಳಿದದ್ದು ಕೇಳಿ! ದೊಡ್ಡತಾಯಮ್ಮ ಸ್ಟೇರಿಂಗಲ್ಲಿ, ಕೆಂಡಗಣ್ಣ ಪಕ್ಕದಲ್ಲಿ, ನಾವೆಲ್ಲಾ ಹಿಂದೆ ಮಡಕೆ ತಬ್ಬಿಕೊಂಡು. ತಿರುವು ಬಂತು, ತುಳಿದಳು. ಗಾಡಿ ಗಕ್ಕಂತ ನಿಂತ್ಕೊಂಡ್ತು. ಹೊಸ ಎಣ್ಣೆ ಅಂದ್ರೆ ಅದು! ಗಾಡಿ ನಿಂತದ್ದು ಗೊತ್ತಾಗದೆ ಗಾಡಿ ನೆರಳು ಮಾತ್ರ ಒಂದು ಮಾರು ಮುಂದಕ್ಕೆ ಹೋಗಿ, ತಿರುಗಿ ನೋಡಿ ವಾಪಸ್ ಬಂತು. ನಗಬೇಡಿ, ನಾನು ನೋಡಿದ್ದೀನಿ. ಮೇಸ್ತ್ರಿ ಲಾರೀನ ಆಗಲೇ ಪಕ್ಕಕ್ಕೆ ತಳ್ಳಿಸಿದ್ದ, ಅದನ್ನ ದಾಟಿ ಇಳಿದೆವು. ಒಂದು ಮಡಕೆ ಅಲುಗಲಿಲ್ಲ, ಒಂದು ಗೆರೆ ಸುಣ್ಣ ಉದುರಲಿಲ್ಲ.

ಚಪ್ಪರದ ಬಾಗಿಲಲ್ಲಿ ಸಂತೆಪೇಟೆ ಕುಂಬಾರ ತನ್ನ ಮಡಕೆ ತಲೆ ಮೇಲೆ ಹೊತ್ತು ನಿಂತಿದ್ದ, ಹೊತ್ತು ನೆತ್ತಿಗೆ ಬರೋದನ್ನೇ ಕಾಯ್ತಾ. ನಮ್ಮ ಟೆಂಪೋ ಹಾರ್ನು ಕೇಳಿದ್ದೇ ಅವನ ಮುಖ ಹಸಿ ಮಡಕೆ ಮೇಲೆ ಕೋಳಿ ಕೂತಂಗಾಯ್ತು. ಸೋಬಾನೆ ಎದ್ದಿತು, ವಾಲಗ ಎದ್ದಿತು, ಮಡಕೆ ಕೈಯಿಂದ ಕೈಗೆ, ಕೈಯಿಂದ ಚಪ್ಪರಕ್ಕೆ! ಹಕ್ಕು ಉಳೀತು! ಯಜಮಾನ ಜವರಪ್ಪ ನಡೆದದ್ದೆಲ್ಲಾ ಕೇಳಿ ಕೆಂಡಗಣ್ಣನ ತಲೆಗೆ ತನ್ನ ಪೇಟ ಸುತ್ತಿ, ತುಂಬಿದ ಸಭೇಲಿ ಹೇಳಿದ:

"ಹಿಡಿದದ್ದನ್ನ ಬಿಡದ ಗಂಡು ಇವನು! ಸಂಜೆ ಧಾರೇಲಿ ತೆರೆಬಟ್ಟೆ ಒಂದು ತುದಿ ಇವನೇ ಹಿಡೀಲಿ!"

ದೊಡ್ಡತಾಯಮ್ಮ ಸೆರಗು ಬಾಯಿಗಿಟ್ಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. "ಯಾರು ಇನ್ನು ನನ್ನ ಮಗನ್ನ ಪೆದ್ದ ಅನ್ನೋರು?" ಅಂದಳು.

ಸಂಜೆಯಾಯ್ತು. ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ, ನಡುವೆ ತೆರೆ. ಒಂದು ತುದಿ ಹುಡುಗಿ ಸೋದರಮಾವ, ಇನ್ನೊಂದು ತುದಿ ನಮ್ಮ ಕೆಂಡಗಣ್ಣ, ಪೇಟ ಸುತ್ಕೊಂಡು, ಎದೆ ಉಬ್ಬಿಸ್ಕೊಂಡು. ಐನೋರು ಮಂತ್ರ ಹೇಳಿದ್ರು, ಘಳಿಗೆ ಬಂತು.

"ತೆರೆ ಬಿಡ್ರಪ್ಪಾ!"

ಸೋದರಮಾವ ಬಿಟ್ಟ. ಕೆಂಡಗಣ್ಣ ಓಡಿಹೋಗಿ ಆ ತುದೀನೂ ಹಿಡಕೊಂಡ.

"ಬಿಡಪ್ಪಾ, ಲಗ್ನ ಮೀರುತ್ತೆ!" ಅಂದ್ರು ಐನೋರು.

"ಮೇಸ್ತ್ರಿ ಹೇಳ್ಬೇಕು" ಅಂದ ಕೆಂಡಗಣ್ಣ.

"ಯಾವ ಮೇಸ್ತ್ರಿಯೋ?"

"ಇವತ್ತು ಏನೇ ಹಿಡಿದಿರು, ದಸ್ತಗೀರ್ ಮೇಸ್ತ್ರಿ ಬಿಡು ಅನ್ನೋವರೆಗೂ ಬಿಡ್ಬೇಡ ಅಂದಿದಾರೆ. ಬೆಳಗ್ಗೆ ಬಿಡದೆ ಇದ್ದದ್ದಕ್ಕೆ ತಾನೇ ಪೇಟ ಕೊಟ್ಟದ್ದು?"

ಗಂಡು ತೆರೆ ಮೇಲಿಂದ ಇಣುಕಿದ, ಕೆಂಡಗಣ್ಣ ಮೇಲಕ್ಕೆತ್ತಿದ. ಹೆಣ್ಣು ಕೆಳಗಿಂದ ಇಣುಕಿದಳು, ಕೆಳಗಿಳಿಸಿದ. ಜವರಪ್ಪ ಕೈ ಮುಗಿದ, ದೊಡ್ಡತಾಯಮ್ಮ ಹಣೆ ಬಡಕೊಂಡಳು, ಆಮೇಲೆ ಬುದ್ಧಿ ಬಂದು ಫೋನು ಹಚ್ಚಿದಳು. ಜೋರಾಗಿ ಕೇಳಿಸೋ ಗುಂಡಿ ಒತ್ತಿ ಎತ್ತಿ ಹಿಡಿದಳು. ಇಡೀ ಚಪ್ಪರ ಉಸಿರು ಬಿಗಿ ಹಿಡೀತು.

ಅಲ್ಲಿ ಮೇಸ್ತ್ರಿ ಈರುಳ್ಳಿ ಲಾರಿ ಕೆಳಗೆ ಮಲಗಿದ್ದ. ಪೈಪು ಹಾಕಿ, ಎಣ್ಣೆ ತುಂಬಿ, ಗಾಳಿ ತೆಗೀತಾ ಕೊನೇ ಚಕ್ರಕ್ಕೆ ಬಂದಿದ್ದ. ಮೇಲೆ ಲಾರಿ ಡ್ರೈವರು ಪೆಡಲು ತುಳಿದು ಹಿಡಿದಿದ್ದ. ತಿರುಪು ಬಿಚ್ಚಿತ್ತು.

"ಅಣ್ಣಯ್ಯಾ, ದಮ್ಮಯ್ಯ, ಜೋರಾಗಿ ಬಿಡು ಅನ್ನು! ಮದುವೆ ನಿಂತದೆ!"

ಮೇಸ್ತ್ರಿ ಗುಡ್ಡ ನಡುಗೋ ಹಂಗೆ ಕೂಗಿದ: "ಬಿಡು!"

ಇಲ್ಲಿ ತೆರೆ ಬಿತ್ತು! ಗಟ್ಟಿಮೇಳ! ಅಕ್ಷತೆ ಮಳೆ! ಕೊರಳಿಗೆ ತಾಳಿ ಬಿತ್ತು!

ಅಲ್ಲಿ ಲಾರಿ ಡ್ರೈವರೂ ಪೆಡಲು ಬಿಟ್ಟ! ತೆರೆದ ತಿರುಪಿನಿಂದ ಗಾಳಿ ಗುಟುಗುಟು ಅಂತ ಒಳಕ್ಕೆ ನುಗ್ಗಿತು! ಗಟ್ಟಿಮೇಳದ ನಡುವೆ ಫೋನಲ್ಲಿ ಮೇಸ್ತ್ರಿ ಗೋಳು ಚಪ್ಪರಕ್ಕೆಲ್ಲಾ ಕೇಳಿಸ್ತು:

"ಅಯ್ಯೋ ಪಾಪಿ! ನಿನಗೆ ಯಾರೋ ಬಿಡು ಅಂದದ್ದು?"

"ನೀವೇ ಅಂದ್ರಲ್ಲ ಮೇಸ್ತ್ರಿ!" ಅಂತು ಡ್ರೈವರ ದನಿ.

ಕೆಂಡಗಣ್ಣ ತಲೆ ಮೇಲಿನ ಅಕ್ಷತೆ ಕೊಡವಿಕೊಂಡು ಅವ್ವನ ಕಡೆ ತಿರುಗಿದ.

"ಅವ್ವಾ, ಆ ಡ್ರೈವರು ಯಾರೋ ಬಲು ಬುದ್ಧಿವಂತ ಕಣವ್ವ. ಹೇಳಿದ ಮಾತು ಕೇಳ್ತಾನೆ!"